ಕೊಳ್ಳಿ ಇಟ್ಟವಳ ಹೊಲ

ಯಾದಗಿರಿ
೧೨ ನವೆಂಬರ್ ೧೯೫೪

ಅಕ್ಕಾ,

...‘ನಿನ್ನ ಪೇಪರಿನ್ಯಾಗ ನಾ ಎಲ್ಲಿ ಬರ್ತೀನಿ’ ಎಂದು ನೀನು ಕೇಳಿದ್ದೆ. ಅದರ ಹಿಂದೆಯೇ ಇನ್ನೊಂದು ಮಾತು ಆಡಿದೆ, ಅದು ಈಗ ನೆನಪಿಗೆ ಬರುತ್ತಿಲ್ಲ. ನೀನು ಜೋಳ ಹಸನು ಮಾಡುತ್ತಿದ್ದೆ. ಮೊರದ ಸದ್ದು ಉಳಿದಿದೆ, ಮಾತು ಹೋಗಿದೆ.

ದಸರೆಗೆ ಬೋನಾಳಕ್ಕೆ ಬಂದಾಗ ನಾನು ಅದಕ್ಕೆ ಉತ್ತರ ಕೊಡದೆ ಬಸ್ಸು ಹತ್ತಿದೆ. ಈಗ ಕೊಡುತ್ತೇನೆ. ಗುಲ್ಬರ್ಗಾದ ವಾರಪತ್ರಿಕೆಯಲ್ಲಿ ಇಷ್ಟು ವರ್ಷ ಹೆಣ್ಣುಮಕ್ಕಳ ಪುಟ ಬರೆದೆ. ಸೂಲಗಿತ್ತಿಯರ ಬಗ್ಗೆ, ನೀರಿನ ಬಗ್ಗೆ, ಗಂಡ ಬಿಟ್ಟವರ ಬಗ್ಗೆ ಬರೆದೆ. ನಿನ್ನ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಈ ಸಲ ಬರೆದಿದ್ದೇನೆ, ಹೆಸರು ಹಾಕಿಲ್ಲ. ನಮ್ಮ ಮಂದಿಯಲ್ಲಿ ಗಂಡುಮಗ ಇಲ್ಲದ ತಂದೆ ಒಬ್ಬ ಮಗಳಿಗೆ ದೇವರ ಹೆಸರಿನಲ್ಲಿ ಮುತ್ತು ಕಟ್ಟಿ, ಮದುವೆ ಮಾಡದೆ ಮನೆಯಲ್ಲೇ ಬಸವಿಯಾಗಿ ಉಳಿಸಿಕೊಳ್ಳುತ್ತಾನೆ. ಆಕೆ ಮಗನ ಲೆಕ್ಕ. ತಂದೆ ಸತ್ತರೆ ಕೊಳ್ಳಿ ಇಡುವವಳು ಆಕೆ, ಹೊಲ ಆಕೆಗೆ, ಆಕೆಗೆ ಹುಟ್ಟಿದ ಮಕ್ಕಳಿಗೂ ಆ ತಂದೆಯ ಮನೆತನದ ಹೆಸರು. ಇಷ್ಟನ್ನು ಬರೆದು, ಕೊನೆಗೆ ಅದನ್ನು ನಿಲ್ಲಿಸುವ ಕಾನೂನಿನ ಕರಡನ್ನೂ ಹಾಕಿದೆ. ನಿನಗೆ ಗೊತ್ತಿರುವುದನ್ನು ಗೊತ್ತಿಲ್ಲದವರಿಗೆ ಬರೆದೆ.

ಅದು ನನ್ನ ಕೊನೆಯ ಲೇಖನ. ಕೆಲಸ ಬಿಟ್ಟಿದ್ದೇನೆ. ಸಂಪಾದಕರು ‘ಬರೆಯೂದು ಬಿಟ್ಟು ಏನು ಮಾಡ್ತೀರಿ’ ಎಂದರು. ‘ಬರೆದದ್ದನ್ನ ಮಾಡಿಸ್ತೀನ್ರಿ’ ಎಂದೆ. ಪತ್ರಿಕೆಯ ಹಾಳೆ ಮರುವಾರ ಬಜಿ ಕಟ್ಟಲು ಹೋಗುತ್ತದೆ. ಕಾನೂನಿನ ಹಾಳೆ ಹೋಗುವುದಿಲ್ಲ ಎಂಬ ನಂಬಿಕೆ ನನಗೆ. ಹೈದರಾಬಾದಿನಲ್ಲಿ ಒಂದು ಸಮಿತಿ ಆಗಿದೆ, ಮುತ್ತು ಕಟ್ಟುವುದನ್ನು ನಿಲ್ಲಿಸುವ ಕಾನೂನು ಬರೆಯಲು. ಅದರ ಕಾರ್ಯದರ್ಶಿಯ ಕೆಲಸ ನನ್ನದು. ಕರಡಿನ ಮೊದಲ ಕಲಮನ್ನು ನನ್ನ ಲೇಖನದಿಂದಲೇ ತೆಗೆದಿದ್ದೇವೆ. ಯಾದಗಿರಿ ಸ್ಟೇಷನ್ನಿನ ಹತ್ತಿರ ಎಣ್ಣೆ ಗಾಣದ ಹಿಂದೆ ಎರಡು ಕೋಣೆ ಹಿಡಿದಿದ್ದೇನೆ. ಬಟ್ಟೆಗೆಲ್ಲ ಕುಸುಬೆ ವಾಸನೆ.

ಬರುವ ಭಾರತ ಹುಣ್ಣಿಮೆಗೆ ನಿನ್ನ ಮಗಳು ರೇಣವ್ವನಿಗೆ ಮುತ್ತು ಕಟ್ಟಿಸುತ್ತೀ ಎಂದು ಕೇಳಿದೆ. ಬೇಡ ಎನ್ನಲು ನನಗೆ ಯಾವ ಅಧಿಕಾರವೂ ಇಲ್ಲ. ಸುರಪುರದ ಸಾಲೆಯಿಂದ ಹೈದರಾಬಾದಿನವರೆಗೆ ನಾನು ಓದಿದ್ದು ನೀನು ಕೆರೆ ಕೆಳಗಿನ ಹೊಲದಲ್ಲಿ ಬೆಳೆದದ್ದರಿಂದ. ಇದನ್ನು ನಿನ್ನೆದುರು ಹೇಳಲು ಬಾಯಿ ಬರುವುದಿಲ್ಲ. ಲಾಡ್ಲೇಸಾಬ ಮಾಸ್ತರರ ಬಾಯಿಂದ ಕೇಳು. ಅವರು ಓದಿ ಹೇಳಿದರೆ ಉರ್ದು ಸಾಲೆಯ ಪಾಠದ ಹಾಗೆ ಗಂಭೀರವಾಗಿರುತ್ತದೆ.

ಅಧಿಕಾರವಿಲ್ಲದೆಯೇ ಹೇಳುತ್ತೇನೆ. ಬೇಡ.

ನಿನ್ನ ಅನ್ನ ಉಂಡವಳು
ಗೊಲ್ಲಾಳಿ


ಬೋನಾಳ
೫ ಡಿಸೆಂಬರ್ ೧೯೫೪

ಗೊಲ್ಲಾಳಮ್ಮನವರಿಗೆ,

ನಿಮ್ಮ ಅಕ್ಕ ಹಂಪಮ್ಮನವರು ಎದುರಿಗೆ ಕುಳಿತು ಹೇಳುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ. ಜೀವಮಾನವೆಲ್ಲ ಬಲದಿಂದ ಎಡಕ್ಕೆ ಬರೆದ ಕೈ. ಪಿಂಚಣಿಯಾದ ಮೇಲೆ ಎಡದಿಂದ ಬಲಕ್ಕೆ ತಿರುಗಿಸಿದ್ದೇನೆ. ತಪ್ಪಿದ್ದರೆ ತಿದ್ದಿಕೊಳ್ಳಿ.

ನಿಮ್ಮ ಲೇಖನ ಇರುವ ಪತ್ರಿಕೆಯನ್ನು ಚಾವಡಿಯಲ್ಲಿ ಓದಿದರು. ನಿಮ್ಮ ಚಿಕ್ಕಪ್ಪನ ಮಗ ಹುಲಗಪ್ಪ ಎರಡು ಸಲ ಓದಿಸಿದ. ಕೊನೆಯಲ್ಲಿ ಕಾನೂನಿನ ಕರಡು ಕೊಟ್ಟಿದ್ದೀರಲ್ಲ, ‘ಕಟ್ಟಿದ ಮುತ್ತು ಮೊದಲಿನಿಂದಲೂ ಕಟ್ಟದಂತೆಯೇ ಎಂದು ತಿಳಿಯತಕ್ಕದ್ದು’ ಎಂಬಲ್ಲಿ ‘ಇದನ್ನ ಇನ್ನೊಮ್ಮಿ ಹೇಳ್ರಿ’ ಎಂದ. ಸಂಜೆಗೆ ಹಂಪಮ್ಮನವರ ಮನೆಗೆ ಬೆಲ್ಲ ಹಿಡಿದುಕೊಂಡು ಬಂದ. ನಾನು ಕಟ್ಟೆಯ ಮೇಲೆಯೇ ಇದ್ದೆ.

‘ಹಂಪಕ್ಕಾ, ನಿನ್ನ ತಂಗಿ ಭೇಷ್ ಬರದಾಳ. ಈ ಸೀಮಿಗೆ ಇಂಥಾಕಿ ಒಬ್ಬಾಕಿ ಸಾಕು.’

‘ನೀ ಯಾವಾಗ ಹೆಣಮಕ್ಕಳ ಕಡಿ ಆದಿಯೋ?’

‘ಇವತ್ತ. ಮುತ್ತು ಕಟ್ಟೇ ಇಲ್ಲಂದ್ರ ನೀ ದೊಡ್ಡಪ್ಪಗ ಮಗ ಅಲ್ಲ. ಮಗ ಇಲ್ದಂವನ ಹೊಲ ತಮ್ಮನ ಮಕ್ಕಳಿಗೆ. ಪೇಪರಿನ್ಯಾಗ ಬಂದದ, ನಾ ಹೇಳಿದ್ದಲ್ಲ.’

‘ನಿಮ್ಮ ದೊಡ್ಡಪ್ಪಗ ಕೊಳ್ಳಿ ಇಟ್ಟಾಕಿ ನಾನು. ಆ ಕೊಳ್ಳೀನೂ ಇಡಲಿಲ್ಲಂತ ಬರದಾಳೇನು?’

‘ಅದು ಬರದಿಲ್ಲ.’

‘ಹಂಗಾದ್ರ ಸುಡಗಾಡಿಗೆ ಹೋಗಿ ಅಪ್ಪನ್ನ ಎಬ್ಬಿಸ್ಕೊಂಡು ಬಾ. ನೀ ಇಡುವಂತಿ.’

ಹುಲಗಪ್ಪ ಬೆಲ್ಲ ಇಟ್ಟು ಹೋದ. ‘ಬೆಲ್ಲ ಛಲೋ ಇತ್ತು ಅಂತ ಬರೀರಿ’ ಎನ್ನುತ್ತಾರೆ. ಬರೆದಿದ್ದೇನೆ.

ಇನ್ನು ಅವರ ಮಾತು ಹೇಳಿದ ಹಾಗೆಯೇ. ‘ಗೊಲ್ಲೀ, ನನಗ ಇರೂದು ಒಂದs ಹೆಣ್ಣು. ನಾ ಕಣ್ಣು ಮುಚ್ಚಿದ್ರ ಹೊಲ ಅಕಿಗೆ ಬರಬೇಕಂದ್ರ ಅಕಿಗೂ ಮುತ್ತು ಕಟ್ಟಬೇಕು, ಬ್ಯಾರೆ ದಾರಿ ಇಲ್ಲ. ನೀ ಬ್ಯಾಡಂತಿ. ಆತು. ನಿನ್ನ ಕಾನೂನು ಅಕಿ ಕೈಗೆ ಏನು ಕೊಡ್ತದ ಹೇಳು, ಬಿಡ್ತೀನಿ. ಬರೇ ಬ್ಯಾಡಂದ್ರ ಅಕಿ ಹುಲಗಪ್ಪನ ಹೊಲದಾಗ ಕೂಲಿಗೆ ಹೋಗ್ತಾಳ.’

ನಿಮ್ಮ ಕಾಗದವನ್ನು ಕೊನೆಯವರೆಗೂ ಓದಿ ಹೇಳಿದೆ. ಆಮೇಲೆ ‘ಅಕಿಗೆ ಕುಸುಬಿ ಎಣ್ಣಿ ಸೇರಂಗಿಲ್ಲ, ಆ ಕ್ವಾಣ್ಯಾಗ ಹ್ಯಾಂಗ ಇರ್ತಾಳ’ ಎಂದರು.

ಹೇಳಿದವರು ಹಂಪಮ್ಮ
ಕೈ ಲಾಡ್ಲೇಸಾಬನದು


ಶಹಾಪುರ
೮ ಜನವರಿ ೧೯೫೫

ಅಕ್ಕಾ,

ಹುಲಗಪ್ಪನಿಗೆ ನನ್ನ ಕೃತಜ್ಞತೆ ಹೇಳು. ಹಾಸ್ಯವಲ್ಲ. ಸಮಿತಿಯಲ್ಲಿ ಪದವೀಧರರಿದ್ದಾರೆ, ಒಬ್ಬ ನಿವೃತ್ತ ನ್ಯಾಯಾಧೀಶರಿದ್ದಾರೆ, ನಾನಿದ್ದೇನೆ. ಆ ಕಲಮನ್ನು ಎಲ್ಲರೂ ತಲೆದೂಗಿ ದಾಟಿಬಿಟ್ಟೆವು. ಅದರ ಅರ್ಥ ಏನೆಂದು ತನ್ನ ಹೊಟ್ಟೆಗಾಗಿ ಕೇಳಿದವನು ಅವನೊಬ್ಬನೇ. ಅವನು ಬೆಲ್ಲ ಹಿಡಿದು ಬರದಿದ್ದರೆ ಅದು ಹಾಗೆಯೇ ಕಾನೂನಾಗುತ್ತಿತ್ತು.

ಇಲ್ಲಿಯ ವಕೀಲ ಬಸವಂತರಾಯರ ಹತ್ತಿರ ಹೋದೆ. ಅವರು ಕರಡನ್ನು ಓದಿ, ಕನ್ನಡಕ ತೆಗೆದು, ಬಹಳ ಹೊತ್ತು ಒರೆಸಿದರು.

‘ನೀವು ಬಾಗಲಾ ಮುಚ್ಚೀರಿ, ಖರೆ. ಒಳಗ ಇದ್ದವರು ಎಲ್ಲಿಗೆ ಹೋಗಬೇಕು, ಅದನ್ನ ಬರದಿಲ್ಲ’ ಎಂದರು.

‘ಈಗ ಬರಕೊಡ್ರಿ.’

‘ಬರಕೊಡ್ತೀನಿ. ಆದ್ರ ಇದು ಬಸವಿ ಪದ್ಧತಿ ಒಪ್ಪಿದಂಗ ಆತು ಅಂತ ನಿಮ್ಮವರs ನಿಮ್ಮನ್ನ ಬೈತಾರ.’

‘ಬೈಯಲಿ.’

ಅವರು ಬರೆದುಕೊಟ್ಟದ್ದು ಸರಳವಾಗಿದೆ. ಇನ್ನು ಮುಂದೆ ಯಾರಿಗೂ ಮುತ್ತು ಕಟ್ಟಬಾರದು. ಈಗಾಗಲೇ ಕಟ್ಟಿಸಿಕೊಂಡವರ ಹೊಲಮನೆಯನ್ನು ಯಾರೂ ಮುಟ್ಟಬಾರದು. ಅವರ ನಂತರ ಅದು ಅವರ ಮಕ್ಕಳಿಗೆ, ಹೆಣ್ಣಾಗಲಿ ಗಂಡಾಗಲಿ, ಮುತ್ತು ಕಟ್ಟದೆಯೇ ಬರಬೇಕು. ಈ ಮೂರನೆಯದನ್ನು ಒಪ್ಪಿಸಲು ಎಷ್ಟು ದಿನ ಹಿಡಿಯುತ್ತದೋ ತಿಳಿಯದು. ಒಂದು ವರ್ಷ ಎನ್ನುತ್ತೇನೆ. ಎರಡೂ ಆಗಬಹುದು.

ಈಗ ಕೇಳುವುದು ಇದು. ಈ ಹುಣ್ಣಿಮೆ ಬಿಡು. ಬಿಟ್ಟರೆ ಏನಾಗಬಹುದೆಂದು ನನಗೂ ಗೊತ್ತಿದೆ. ಕಾನೂನು ಬರುವುದರೊಳಗೆ ನಿನಗೆ ಏನಾದರೂ ಆದರೆ ರೇಣವ್ವನಿಗೆ ಮುತ್ತೂ ಇಲ್ಲ, ಹೊಲವೂ ಇಲ್ಲ. ನನ್ನ ಮಾತಿನ ಮೇಲೆ ನೀನು ನಿನ್ನ ಆಯುಷ್ಯವನ್ನು ಪಣಕ್ಕಿಡಬೇಕು ಎಂದು ಕೇಳುತ್ತಿದ್ದೇನೆ. ಬರೆದ ಮೇಲೆ ಇದು ಬಹಳ ದೊಡ್ಡದಾಗಿ ಕಾಣುತ್ತದೆ. ಹೊಡೆದುಹಾಕಬೇಕೆಂದಿದ್ದೆ, ಹಾಕಲಿಲ್ಲ.

ಇಲ್ಲಿ ಬೆಟ್ಟದ ಕಡೆಯಿಂದ ಚಳಿ ಗಾಳಿ. ನೀನು ಕೊಟ್ಟ ಕಂಬಳಿ ಹೊದ್ದೇ ಬರೆಯುತ್ತಿದ್ದೇನೆ.

ಗೊಲ್ಲಾಳಿ


ಬೋನಾಳ
೧೦ ಫೆಬ್ರುವರಿ ೧೯೫೫

ಗೊಲ್ಲಾಳಮ್ಮನವರಿಗೆ,

ಹಂಪಮ್ಮನವರು ‘ಸಣ್ಣದಾಗಿ ಬರೀರಿ, ಕೆಲಸ ಅದ’ ಎಂದಿದ್ದಾರೆ.

ಹುಣ್ಣಿಮೆಯ ದಿನ ಗುಡಿಯ ಮುಂದೆ ಊರ ಹಿರಿಯರು ಕೂತಿದ್ದರು. ಮಣೆ ಹಾಕಿದ್ದರು. ಪೂಜಾರಿ ಮುತ್ತಿನ ದಾರವನ್ನು ತಟ್ಟೆಯಲ್ಲಿ ಇಟ್ಟಿದ್ದ. ಇವರು ಹುಡುಗಿಯನ್ನು ಕರೆತರದೆ ಒಬ್ಬರೇ ಬಂದು, ‘ಈ ವರ್ಷ ಇಲ್ಲ’ ಎಂದರು. ಪೂಜಾರಿ ‘ಮುಟ್ಟೇನು?’ ಎಂದು ಕೇಳಿದ. ‘ಮುಟ್ಟಲ್ಲ, ಮನಸ್ಸು’ ಎಂದರು. ಅಂಥ ಉತ್ತರ ಆ ಗುಡಿಯ ಮುಂದೆ ಯಾರೂ ಕೇಳಿರಲಿಲ್ಲ. ಒಬ್ಬ ಮುದುಕ, ‘ಬಸವಿ ಹೊಟ್ಟ್ಯಾಗ ಹುಟ್ಟಿದಾಕೀನ ಯಾವ ಮನಿಯವರು ತುಂಬಿಸ್ಕೋತಾರ’ ಎಂದ. ‘ತುಂಬಿಸ್ಕೊಳ್ಳಿಕ್ಕೆ ಅಕಿ ಏನು ಚೀಲೇನೋ ಮುತ್ಯಾ’ ಎಂದರು. ಜನ ನಕ್ಕರು. ನಕ್ಕ ಮೇಲೆ ಬೈಯುವುದು ಕಷ್ಟ. ಮಾಡಿದ್ದ ಹೋಳಿಗೆಯನ್ನು ಎಲ್ಲರಿಗೂ ಬಡಿಸಿದರು.

ಹುಲಗಪ್ಪ ಎರಡು ಸಲ ಹಾಕಿಸಿಕೊಂಡ. ಅವನಿಗೆ ಇದು ಲಾಭದ ಹುಣ್ಣಿಮೆ.

‘ಅಕಿಗೆ ಏನು ಬರೀಲಿ’ ಎಂದು ಕೇಳಿದೆ. ‘ಬಿಟ್ಟೀನಿ ಅಂತ ಬರೀರಿ. ಜಲ್ದಿ ಮಾಡು ಅಂತ ಬರೀಬ್ಯಾಡ್ರಿ, ಅಕಿಗೆ ಗೊತ್ತದ.’

ಲಾಡ್ಲೇಸಾಬ


ಶಹಾಪುರ
೨೧ ಆಗಸ್ಟ್ ೧೯೫೫

ಲಾಡ್ಲೇಸಾಬ ಮಾಸ್ತರರಿಗೆ,

ಈ ಕಾಗದ ನಿಮಗೆ ಮಾತ್ರ. ಅಕ್ಕನಿಗೆ ಓದಬೇಡಿ. ಓದಬೇಕೆನಿಸಿದರೆ ಅದು ನಿಮ್ಮ ವಿವೇಚನೆ.

ಸಮಿತಿ ಇಲ್ಲಿಯ ಮುಸಾಫಿರಖಾನೆಯಲ್ಲಿ ಎರಡು ದಿನ ಸೇರಿ ಜನರ ಮಾತು ಕೇಳಿತು. ಎರಡನೆಯ ದಿನ ಅಕ್ಕ ಬಂದಳು, ಒಬ್ಬಳೇ, ಬಸ್ಸಿನಲ್ಲಿ. ಅವಳ ಹೇಳಿಕೆಯನ್ನು ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು. ನಾನು ತನ್ನ ತಂಗಿ ಎಂದು ಅವಳು ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಕುರ್ಚಿ ಕೊಟ್ಟರು. ಅವಳು ಅಂಚಿನಲ್ಲಿ ಕುಳಿತಳು.

ಅಧ್ಯಕ್ಷರು ಕೇಳಿದರು, ‘ನಿಮ್ಮನ್ನು ಬಲವಂತವಾಗಿ ಬಸವಿ ಬಿಟ್ಟಿದ್ದರೇ?’

‘ಇಲ್ರಿ. ನಾನs ಕುಂತೆ.’

‘ಚಿಕ್ಕ ಹುಡುಗಿ ತಾನಾಗಿ ಕೂತಳೆಂದರೆ ನಂಬಬೇಕೆ?’

‘ಅಪ್ಪಗ ಇಬ್ಬರು ಹೆಣಮಕ್ಕಳ್ರಿ. ಸಣ್ಣಾಕಿಗೇ ಕಟ್ಟಬೇಕಂತ ಇತ್ತು. ನಂದು ಲಗ್ನ ಕೆಂಭಾವ್ಯಾಗ ಗೊತ್ತಾಗಿತ್ತು, ಎಲಿ-ಅಡಕಿ ಆಗಿತ್ತು. ಅಕಿ ಆಗ ಸಾಲಿಗೆ ಹೋಗಾಕತ್ತಿದ್ಲು. ಮಣಿ ಮ್ಯಾಲೆ ಕುಂದ್ರವಾ ಅಂದ್ರ ಪಾಟಿ ತಗೊಂಡು ಕುಂತಳು. ನಾ ಅಕೀನ ಎಬ್ಬಿಸಿ ಕುಂತೆ.’

‘ಯಾಕೆ?’

‘ಬಿಸಲಾಗಿತ್ರಿ. ಮಂದಿ ಕಾಯಾಕತ್ತಿದ್ರು.’

ಮಾಸ್ತರರೇ, ನಾನು ಅದನ್ನು ಬರೆದುಕೊಂಡೆ. ಪೆನ್ನು ನಿಲ್ಲಲಿಲ್ಲ, ಪತ್ರಿಕೆಯ ಅಭ್ಯಾಸ. ಮಣೆ ನೆನಪಿಲ್ಲ, ಮುತ್ತು ನೆನಪಿಲ್ಲ. ಯಾರೋ ರಟ್ಟೆ ಹಿಡಿದು ಎಬ್ಬಿಸಿದ್ದು, ಪಾಟಿ ಬಿದ್ದು ಮೂಲೆ ಒಡೆದದ್ದು ನೆನಪಿದೆ. ಪಾಟಿ ಒಡೆದಳೆಂದು ನಾನು ಅವಳ ಮೇಲೆ ಬಹಳ ದಿನ ಸಿಟ್ಟು ಮಾಡಿದ್ದೆ. ಕೆಂಭಾವಿಯ ಮಾತನ್ನು ಈ ವಯಸ್ಸಿನವರೆಗೆ ನನಗೆ ಯಾರೂ ಹೇಳಿರಲಿಲ್ಲ.

ನಿವೃತ್ತ ನ್ಯಾಯಾಧೀಶರು, ‘ಈಗ ನಿಮ್ಮ ಮಗಳಿಗೂ ಕಟ್ಟಿಸುತ್ತೀರಾ?’ ಎಂದರು. ‘ಅದು ನಿಮ್ಮ ಕೈಯಾಗ ಅದರಿ. ಹೊಲ ಅಕಿಗೆ ಬರೂ ಹಂಗ ನೀವು ಬರದ್ರ ಕಟ್ಟೂದಿಲ್ಲ. ನಾ ಸಾಯೂದ್ರಾಗ ಬರೀರಿ’ ಎಂದಳು. ಅವರು ನಕ್ಕರು. ಅವಳು ನಗಲಿಲ್ಲ. ಮೂರನೆಯ ಕಲಮು ಆ ಮಧ್ಯಾಹ್ನ ಕರಡಿನೊಳಗೆ ಹೋಯಿತು. ಒಬ್ಬರು ವಿರೋಧಿಸಿದ್ದಾರೆ, ಕೊನೆಯ ಸಭೆಯಲ್ಲಿ ಮತ್ತೆ ಎತ್ತುತ್ತಾರಂತೆ.

ಬಸ್ಸಿಗೆ ಬಿಡಲು ಹೋದಾಗ ಕೇಳಬಹುದಿತ್ತು. ಅವಳು ಮಂಡಾಳು ತಿನ್ನುತ್ತ, ‘ಆ ಮುದುಕ ಜಡ್ಜನ ಶರಟಿಗೆ ಗುಂಡೀನೇ ಇಲ್ಲ, ಹೆಂಡತಿ ಇಲ್ಲೇನು?’ ಎಂದಳು. ನಾನು ಇಲ್ಲವೆಂದು ಕಾಣುತ್ತದೆ ಎಂದೆ. ಬಸ್ಸು ಬಂತು.

ಕೃತಜ್ಞತೆ ಎಂಬ ಪದವನ್ನು ನಾನು ಸಭೆಗಳ ಕೊನೆಯಲ್ಲಿ ಎಷ್ಟೋ ಸಲ ಓದಿದ್ದೇನೆ. ಅದಕ್ಕೆ ಇಷ್ಟು ತೂಕ ಇದೆಯೆಂದು ತಿಳಿದಿರಲಿಲ್ಲ. ನನ್ನ ಕಾಗದಗಳನ್ನು ಅವಳಿಗೆ ಓದಿ ಹೇಳುವ ನಿಮಗೂ ಅದು ಸಲ್ಲುತ್ತದೆ.

ನಿಮ್ಮ
ಗೊಲ್ಲಾಳಮ್ಮ


ಹೈದರಾಬಾದು
೧೪ ಫೆಬ್ರುವರಿ ೧೯೫೬

ಅಕ್ಕಾ,

ಮಾಸ್ತರರ ತಂತಿ ಬಂತು. ಜ್ವರ ಇಳಿದಿಲ್ಲ, ಅನ್ನ ಸೇರುತ್ತಿಲ್ಲ ಎಂದಿದೆ. ಮಾಸ್ತರರು ಹೆಚ್ಚು ಬರೆಯುವವರಲ್ಲ, ಆದ್ದರಿಂದ ಹೆಚ್ಚೇ ಇರಬೇಕು.

ನಾನು ಬರಲಾರೆ. ಸಮಿತಿಯ ಕೊನೆಯ ಸಭೆ ಈ ವಾರ. ನಾನು ಎದ್ದುಹೋದರೆ ಮೂರನೆಯ ಕಲಮು ನನ್ನ ಹಿಂದೆಯೇ ಎದ್ದುಹೋಗುತ್ತದೆ. ಸುರಪುರದ ಡಾಕ್ಟರರಿಗೆ ತಂತಿ ಕೊಟ್ಟಿದ್ದೇನೆ, ಬರುತ್ತಾರೆ.

ಸಭೆ ಒಪ್ಪಿದರೂ ಅದು ಕಾನೂನಾಗುವುದು ಈ ತಿಂಗಳ ಮಾತಲ್ಲ. ರಾಜ್ಯವೇ ಒಡೆಯುತ್ತದೆ ಎನ್ನುತ್ತಾರೆ. ವರದಿಯನ್ನು ಯಾರ ಕೈಗೆ ಕೊಡುವುದೆಂದು ಅಧ್ಯಕ್ಷರಿಗೇ ಗೊತ್ತಿಲ್ಲ. ಭಾರತ ಹುಣ್ಣಿಮೆ ಹತ್ತಿರ ಬಂತು.

ಕಟ್ಟಿಬಿಡು. ರೇಣವ್ವನಿಗೆ ಮುತ್ತು ಕಟ್ಟಿಸಿಬಿಡು. ಹೊಲವೊಂದು ಅವಳ ಕೈಯಲ್ಲಿರಲಿ. ಉಳಿದದ್ದನ್ನು ಆಮೇಲೆ ನಾನು ನೋಡಿಕೊಳ್ಳುತ್ತೇನೆ. ನಾನು ಏನೆಲ್ಲ ಬರೆದೆನೋ ಅದೆಲ್ಲ ಹಾಗೇ ಇರಲಿ, ಈ ಕಾಗದ ಅದಕ್ಕೆ ವಿರುದ್ಧವಾಗಿರಲಿ. ಯಾರಾದರೂ ಕೇಳಿದರೆ ನಾನೇ ಹೇಳಿದೆ ಎನ್ನು.

ನಿನ್ನ ಜೀವದ ಮೇಲೆ ನಾನು ಇನ್ನೊಂದು ದಿನವನ್ನೂ ಕೇಳಲಾರೆ.

ಗೊಲ್ಲಾಳಿ


ಬೋನಾಳ
೨೮ ಫೆಬ್ರುವರಿ ೧೯೫೬

ಗೊಲ್ಲಾಳಮ್ಮನವರಿಗೆ,

ಮೊದಲು ಸುದ್ದಿ. ಜ್ವರ ಬಿಟ್ಟಿದೆ. ನಿನ್ನೆ ಗಂಜಿ ಕುಡಿದರು, ಇವತ್ತು ಗಂಜಿಯನ್ನು ಬೈದರು. ಡಾಕ್ಟರರು ಇನ್ನು ಭಯವಿಲ್ಲ ಎಂದು ಹೋದರು.

ನಿಮ್ಮ ಕಾಗದ ಬಂದ ದಿನ ಅವರಿಗೆ ತಲೆ ಎತ್ತಲು ಆಗುತ್ತಿರಲಿಲ್ಲ. ಮನೆ ತುಂಬ ಜನ. ಪೂಜಾರಿಯೂ ಬಂದು ಹೊಸ್ತಿಲಲ್ಲಿ ಕೂತಿದ್ದ. ‘ಹಾಸಿಗಿ ಬಾಜೂಕs ಕಟ್ಟಿಬಿಡೋಣು, ದೇವರು ಬ್ಯಾಡನ್ನಂಗಿಲ್ಲ’ ಎಂದು ಹೆಂಗಸರು ಹೇಳುತ್ತಿದ್ದರು. ಹುಲಗಪ್ಪ ಮಾತ್ರ ‘ಜಡ್ಡಿನ್ಯಾಗ ಅವಸರ ಯಾಕ್ರಿ’ ಎಂದು ಎಲ್ಲರಿಗೂ ಸಮಾಧಾನ ಹೇಳುತ್ತ ಓಡಾಡುತ್ತಿದ್ದ. ರೇಣವ್ವ ತಾಯಿಯ ಕಾಲು ತಿಕ್ಕುತ್ತಿದ್ದಳು.

ನಾನು ಕಾಗದವನ್ನು ಮೆಲ್ಲಗೆ ಓದಿದೆ. ಕಣ್ಣು ಮುಚ್ಚಿಕೊಂಡೇ ‘ಇನ್ನೊಮ್ಮಿ’ ಎಂದರು. ಇನ್ನೊಮ್ಮೆ ಓದಿದೆ.

‘ಇದು ಅಕಿ ಬರದದ್ದಲ್ಲ’ ಎಂದರು.

‘ಅವರದೇ ಅಕ್ಷರ, ಹಂಪಮ್ಮ.’

‘ಅಕ್ಷರ ಇರಬಹುದು.’

ಆಮೇಲೆ ಹೇಳಿದ್ದನ್ನು ಅಲ್ಲಿಯೇ ನೆನಪಿಟ್ಟುಕೊಂಡೆ. ‘ಮಾಸ್ತರ, ಅಕಿಗೆ ಬರೀರಿ. ನೀ ಬ್ಯಾಡಂದಿ, ನಾ ಊರ ಮುಂದ ನಿಂತು ಬ್ಯಾಡಂದೆ. ಈಗ ನೀ ಹ್ಞೂಂ ಅಂದ್ರ ನಾ ಎಲ್ಲಿ ನಿಂದ್ರಲಿ? ಕುಂದ್ರೂದು ಒಮ್ಮಿ ಆಗ್ಯದ, ಅದು ಸಾಕು. ನೀ ಅಲ್ಲಿ ನಿನ್ನ ಕೆಲಸ ನೋಡು. ನಾ ಇಷ್ಟರಾಗ ಸಾಯಂಗಿಲ್ಲ. ಜ್ವಾಳ ಕೊಯ್ಯೂದದ.’

ಪೂಜಾರಿಗೆ ಒಂದು ಸೇರು ಜೋಳ ಕೊಟ್ಟು ಕಳಿಸಿದರು. ಹುಣ್ಣಿಮೆ ಮೊನ್ನೆ ಕಳೆಯಿತು.

ಅಮ್ಮಾ, ನಿಮ್ಮ ಆಗಸ್ಟಿನ ಕಾಗದವನ್ನು ನಾನು ಅವರಿಗೆ ಓದಿಲ್ಲ. ಆದರೆ ಜ್ವರದಲ್ಲಿ ಅವರು ಪಾಟಿಯ ಮಾತು ಆಡಿದರು. ‘ಅಕಿಗೆ ಹೊಸಾದು ಕೊಡಸಬೇಕಾಗಿತ್ತು’ ಎಂದರು. ಇದನ್ನು ನಿಮಗೆ ತಿಳಿಸಬೇಕೋ ಬೇಡವೋ ಎಂದು ಬಹಳ ಯೋಚಿಸಿ ಬರೆದಿದ್ದೇನೆ.

ಲಾಡ್ಲೇಸಾಬ


ಯಾದಗಿರಿ
೯ ಜುಲೈ ೧೯೫೬

ಅಕ್ಕಾ,

ನನ್ನ ಕಾಗದವನ್ನು ನೀನು ನಂಬದೆ ಹೋದದ್ದಕ್ಕೆ ನಾನು ಏನು ಬರೆದರೂ ಕಡಿಮೆ. ಆದ್ದರಿಂದ ಸುದ್ದಿ ಬರೆಯುತ್ತೇನೆ.

ನಮ್ಮ ಸಮಿತಿ ಮುಗಿಯಿತು. ಮೂರನೆಯ ಕಲಮು ಒಂದು ಮತದಿಂದ ಉಳಿಯಿತು, ವರದಿ ಪೂರ್ತಿಯಾಯಿತು. ಆದರೆ ಅದನ್ನು ಯಾರೂ ತೆಗೆದುಕೊಳ್ಳಲಿಲ್ಲ. ರಾಜ್ಯ ಮೂರು ಪಾಲಾಗುತ್ತದೆ, ನಾವು ಮೈಸೂರಿಗೆ ಸೇರುತ್ತೇವೆ. ಕಚೇರಿಯಲ್ಲಿ ಕಡತಗಳನ್ನು ಈಗಲೇ ಭಾಷೆಯ ಪ್ರಕಾರ ಕಟ್ಟಿಡುತ್ತಿದ್ದಾರೆ. ನಮ್ಮ ವರದಿ ಇಂಗ್ಲಿಷಿನಲ್ಲಿದೆ. ಯಾವ ಗಂಟಿಗೆ ಹಾಕಬೇಕೆಂದು ಗುಮಾಸ್ತ ನನ್ನನ್ನೇ ಕೇಳಿದ. ಈ ಎರಡು ವರ್ಷದ ಕೆಲಸ ಅವನ ಮೇಜಿನ ಕೆಳಗಿದೆ.

ಇದನ್ನು ಹೇಳಲು ಬಸವಂತರಾಯರ ಹತ್ತಿರ ಹೋದೆ. ಅವರು ಪೂರ್ತಿ ಕೇಳಿಸಿಕೊಳ್ಳದೆ, ‘ದಿಲ್ಲಿ ಕಾಯ್ದೆ ನೋಡಿದ್ರೇನು?’ ಎಂದರು. ಹೋದ ತಿಂಗಳು ಹಿಂದೂ ಉತ್ತರಾಧಿಕಾರದ ಕಾಯ್ದೆ ಬಂದಿದೆ. ಗದ್ದಲವನ್ನೆಲ್ಲ ನಾನು ಪತ್ರಿಕೆಯಲ್ಲಿ ಓದಿದ್ದೆ, ಕಲಮುಗಳನ್ನು ಓದಿರಲಿಲ್ಲ. ಅವರು ಬೆರಳಿಟ್ಟು ತೋರಿಸಿದರು. ಹೆಣ್ಣಿನ ಕೈಯಲ್ಲಿರುವ ಆಸ್ತಿ ಯಾವ ರೀತಿಯಿಂದ ಬಂದಿದ್ದರೂ ಆಕೆಯದೇ, ಪೂರ್ತಿ ಆಕೆಯದು. ಆಕೆಯ ನಂತರ ಅದು ಮಕ್ಕಳಿಗೆ, ಹೆಣ್ಣೆಂದು ಬಿಡುವಂತಿಲ್ಲ.

‘ಬಸವಿಗೂ?’ ಎಂದೆ.

‘ಹೆಣ್ಣು ಅಂತ ಅದ. ಬಸವಿ ಹೆಣ್ಣಲ್ಲೇನ್ರಿ?’

‘ನಾವು ಎರಡು ವರ್ಷ ಇದನ್ನs ಬರದ್ವಲ್ಲ.’

‘ಬರದ್ರಿ. ಅವರು ಅಚ್ಚು ಹಾಕಿದ್ರು. ಸಿಟ್ಟು ಮಾಡಬ್ಯಾಡ್ರಿ, ಚಾ ಕುಡೀರಿ.’

ನನಗೆ ಸಿಟ್ಟು ಬರಲಿಲ್ಲ. ಆ ಸಾಲನ್ನು ದಿಲ್ಲಿಯ ಯಾವುದೋ ಕೋಣೆಯಲ್ಲಿ ಕುಳಿತು ಬರೆದವರಿಗೆ ಬೋನಾಳ ಎಂಬ ಊರಿದೆಯೆಂದು ಗೊತ್ತಿಲ್ಲ. ನಾನು ನಿನಗಾಗಿ ಬರೆದದ್ದು ಮೇಜಿನ ಕೆಳಗಿದೆ, ನಿನ್ನ ಹೆಸರೇ ಕೇಳದವರು ಬರೆದದ್ದು ನಿನ್ನ ಹೊಲಕ್ಕೆ ಬೇಲಿಯಾಗಿದೆ. ಚಹಾ ಕುಡಿದೆ. ಅವರಿಗೆ ಕೃತಜ್ಞತೆ ಹೇಳಬೇಕೆಂದರೆ ವಿಳಾಸವಿಲ್ಲ.

ಅಕ್ಕಾ, ಹೊಲ ನಿನ್ನದು. ನೀನು ಅಪ್ಪನಿಗೆ ಮಗನಾಗಬೇಕಾಗಿಲ್ಲ. ನಿನ್ನ ನಂತರ ಅದು ರೇಣವ್ವನದು, ಅವಳು ಯಾವ ಮಣೆಯ ಮೇಲೂ ಕೂರಬೇಕಾಗಿಲ್ಲ. ಪಟ್ಟಾದ ಕೆಲಸಕ್ಕೆ ಬಸವಂತರಾಯರೇ ಬರುತ್ತಾರೆ.

ಗೊಲ್ಲಾಳಿ


ಬೋನಾಳ
೧೭ ಅಕ್ಟೋಬರ್ ೧೯೫೬

ಗೊಲ್ಲಾಳಮ್ಮನವರಿಗೆ,

ಹುಲಗಪ್ಪ ಮತ್ತೆ ಬೆಲ್ಲ ತಂದಿದ್ದ. ಈ ಸಲ ಬೆಲ್ಲದ ಜೊತೆಗೆ ಎಲೆ, ಅಡಿಕೆ, ಒಣಕೊಬ್ಬರಿ. ಹೊಸ ರುಮಾಲು ಸುತ್ತಿದ್ದ. ಮಗನಿಗೆ ರೇಣವ್ವನನ್ನು ಕೇಳಲು ಬಂದಿದ್ದ.

‘ಹೋದ ವರ್ಷ ಬಸವಿ ಮಗಳು ಅಂತಿದ್ದಿ’ ಎಂದರು ಹಂಪಮ್ಮನವರು.

‘ಹೋದ ವರ್ಷ ಕಾನೂನು ಇರಲಿಲ್ಲ ಅಕ್ಕಾ. ಈಗ ನೀ ಮಗ ಅಲ್ಲ, ಮಗಳು, ಅಕ್ಕನ ಮಗಳನ್ನ ಸೊಸಿ ಮಾಡ್ಕೊಳ್ಳಾಕ ಅಡ್ಡಿ ಇಲ್ಲ. ಮ್ಯಾಲೆ ಅಕಿ ಹೊಲದೊಡತಿ.’

‘ಹೊಲಕ್ಕ ಲಗ್ನ ಮಾಡ್ತಿಯೋ ಹುಡುಗಿಗೆ ಮಾಡ್ತಿಯೋ?’

‘ಎರಡೂ ಕೂಡೇ ಅವ. ನಾ ಏನು ಮಾಡ್ಲಿ?’

ಹಂಪಮ್ಮನವರಿಗೆ ನಗು ಬಂತು. ನಿಜ ಹೇಳಬೇಕೆಂದರೆ ನನಗೂ. ಹುಡುಗ ಕೆಟ್ಟವನಲ್ಲ, ಕೆಲಸಗಾರ. ಈ ಊರಿನಲ್ಲಿ ಬಸವಿಯ ಮಗಳನ್ನು ಕೇಳಿ ರುಮಾಲು ಸುತ್ತಿಕೊಂಡು ಬಂದವರು ಇದುವರೆಗೆ ಯಾರೂ ಇರಲಿಲ್ಲ. ಹಂಪಮ್ಮನವರು ಎಲೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು.

‘ಹುಡುಗೀನ ಕೇಳಬೇಕು’ ಎಂದರು.

‘ಹುಡುಗೀನ ಕೇಳೂದೇನು ಇದರಾಗ?’ ಎಂದ ಹುಲಗಪ್ಪ.

ಕೇಳಿದರು. ರೇಣವ್ವ ಹಿತ್ತಲಲ್ಲಿ ಆಡುಗಳನ್ನು ಬಿಚ್ಚುತ್ತಿದ್ದಳು. ‘ಹೊಲ ನಂದಂತೀರಿ. ಹಂಗಾದ್ರ ನನಗ ತಿಳಿದಾಗ ಹೇಳ್ತೀನಿ’ ಎಂದು ಆಡು ಹೊಡೆದುಕೊಂಡು ಕೆರೆ ಏರಿಯ ಕಡೆ ಹೋಗಿಬಿಟ್ಟಳು. ಹುಲಗಪ್ಪ ಎಲೆ ಅಡಿಕೆ ಬಿಟ್ಟೇ ಹೋಗಿದ್ದಾನೆ, ಮುಂದಿನ ಸೋಮವಾರ ಬರುತ್ತಾನಂತೆ.

ಅಕ್ಕನವರ ಪ್ರಶ್ನೆ ಇದು. ‘ಗೊಲ್ಲೀ, ಹ್ಞೂಂ ಅನ್ನಲೋ ಬ್ಯಾಡನ್ನಲೋ? ನೀ ಹೇಳಿದ್ದು ಇದುವರೆಗೆ ಕೇಳೀನಿ, ಒಂದು ಬಿಟ್ಟು.’

ಲಾಡ್ಲೇಸಾಬ


ಯಾದಗಿರಿ
೩೦ ಅಕ್ಟೋಬರ್ ೧೯೫೬

ಅಕ್ಕಾ,

ಸೋಮವಾರ ಕಳೆದುಹೋಗಿದೆ. ನಾನು ಬೇಕೆಂದೇ ತಡ ಮಾಡಿದೆ. ನನ್ನ ಉತ್ತರ ಬರದಿದ್ದರೆ ನೀನು ಹುಲಗಪ್ಪನಿಗೆ ಇನ್ನೊಂದು ವಾರ ಹೇಳುತ್ತೀ ಎಂದು ನನಗೆ ಗೊತ್ತು.

ನಾಡಿದ್ದು ನಾವು ಮೈಸೂರು ರಾಜ್ಯದವರಾಗುತ್ತೇವೆ. ಸ್ಟೇಷನ್ನಿನಲ್ಲಿ ಮಾವಿನ ತೋರಣ ಕಟ್ಟುತ್ತಿದ್ದಾರೆ. ಬೆಂಗಳೂರಿಗೆ ಬಂದು ಮಾತಾಡಿ ಎಂದು ಒಂದು ಕಾಗದ ಬಂದಿದೆ. ಸೂಲಗಿತ್ತಿಯರಿಗೆ ತರಬೇತಿ ಕೊಡುವ ಯೋಜನೆಯಂತೆ. ಹೋಗಬಹುದು. ಹೋದರೂ ನಡುವೆ ನಿನ್ನ ಮನೆಗೆ ಬಂದೇ ಹೋಗುತ್ತೇನೆ. ಈ ಸಲ ಬಸ್ಸಿನ ಹೊತ್ತು ನೋಡಿಕೊಂಡು ಬರುವುದಿಲ್ಲ.

ನಿನ್ನ ಪ್ರಶ್ನೆಯನ್ನು ಇಟ್ಟುಕೊಂಡು ನನ್ನ ಹಳೆಯ ಕರಡುಗಳನ್ನೆಲ್ಲ ತಿರುವಿದೆ. ರೇಣವ್ವ ಎಲ್ಲ ಕಡೆ ಇದ್ದಾಳೆ. ಲೇಖನದಲ್ಲಿ ‘ಮುಗ್ಧ ಬಾಲಕಿ’, ಕರಡಿನಲ್ಲಿ ‘ಅಪ್ರಾಪ್ತ ಹೆಣ್ಣು’, ವರದಿಯಲ್ಲಿ ‘ಸಂತತಿ’. ಹೇಳಿಕೆ ಕೊಟ್ಟವರ ಹೆಸರುಗಳಲ್ಲಿ ಮಾತ್ರ ಇಲ್ಲ. ನಾನು ದಸರೆಗೆ ಬಂದಾಗಲೆಲ್ಲ ಅವಳು ನೀರು ತಂದುಕೊಟ್ಟು ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಅವಳ ದನಿ ಹೇಗಿದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಮಾಸ್ತರರು ಬರೆದ ಆ ಎರಡು ವಾಕ್ಯಗಳೇ ನನ್ನ ಹತ್ತಿರ ಇರುವುದು.

ಹಾಗಾಗಿ ನನ್ನ ಉತ್ತರ ನಿನಗಲ್ಲ. ನೀನು ಕೂತೆ, ನಾನು ಓದಿದೆ. ನಮ್ಮಿಬ್ಬರ ನಡುವೆ ಅದು ಇನ್ನೂ ತೀರಿಲ್ಲ, ತೀರಬೇಕಾಗಿಯೂ ಇಲ್ಲ. ಅದರ ಬಾಕಿ ಆ ಹುಡುಗಿಯ ತಲೆಯ ಮೇಲೆ ಬೀಳಬಾರದು. ಈ ಕಾಗದದಲ್ಲಿ ಇಲ್ಲಿಂದ ಮುಂದಿನದನ್ನು ಮಾಸ್ತರರು ನಿನ್ನೆದುರು ಓದದೆ ಏರಿಯ ಮೇಲೆ ಹೋಗಿ ಅವಳಿಗೆ ಓದಲಿ. ಅಲ್ಲಿ ಸಿಗದಿದ್ದರೆ ಇನ್ನೊಂದು ದಿನ ಹೋಗಲಿ.

ರೇಣವ್ವಾ, ನಾನು ನಿನ್ನ ಚಿಕ್ಕವ್ವ. ಹೊಲ ನಿನಗೆ ಬರುತ್ತದೆ, ನೀನು ಹ್ಞೂಂ ಎಂದರೂ ಬೇಡ ಎಂದರೂ ಬರುತ್ತದೆ. ಹುಲಗಪ್ಪನ ಮಗನಿಗೂ ಹೊಲಕ್ಕೂ ನೀನು ಗಂಟು ಹಾಕಬೇಕಾಗಿಲ್ಲ. ಅವನು ನಿನಗೆ ಇಷ್ಟವಾದರೆ ನಾಚಬೇಕಾಗಿಯೂ ಇಲ್ಲ. ಸಾಲೆ ಬೇಕೆಂದರೆ ಇಲ್ಲಿ ಎಣ್ಣೆ ವಾಸನೆಯ ಎರಡು ಕೋಣೆಗಳಿವೆ. ಆಡುಗಳೇ ಸಾಕು ಎಂದರೂ ಸರಿ. ಇವೆಲ್ಲ ನಾವು ದೊಡ್ಡವರು ಯೋಚಿಸಿದ್ದು. ನಾವು ಯೋಚಿಸದೇ ಇರುವ ಇನ್ನೊಂದು ನಿನ್ನ ಮನಸ್ಸಿನಲ್ಲಿ ಇರಬಹುದು.

ನಿನಗೆ ಏನು ಬೇಕು?

ಗೊಲ್ಲಾಳಿ